ಕನ್ನಡಿ ಹಿಡಿದವಳು

ಕಾಸರಗೋಡಿನ ತರಬೇತಿ ಕೋಣೆಯಲ್ಲಿ
ಹೊಸದಾಗಿ ಗೆದ್ದ ನಾವು ಮೂವತ್ತೆಂಟು ಮೆಂಬರುಗಳು.
ಚಾರ್ಟು ಕಾಗದ ಕೊಟ್ಟರು, ಸ್ಕೆಚ್ ಪೆನ್ನು ಕೊಟ್ಟರು:
ಒಳ್ಳೆಯ ನಾಯಕನ ಗುಣಗಳನ್ನು ಬರೆಯಿರಿ, ಹತ್ತು ನಿಮಿಷ.
ಪಕ್ಕದ ಮೇಜಿನವರು ಮಲಯಾಳದಲ್ಲಿ ಆಗಲೇ ಏಳಕ್ಕೆ ತಲುಪಿದ್ದರು.
ನನ್ನ ಪೆನ್ನಿನ ತುದಿ ಒಣಗುತ್ತಿತ್ತು.

ನೆನಪಾದವನು ಕೋಮ ಮಣಿಯಾಣಿ.
ಭಾಷಣ ಮಾಡಿದವನಲ್ಲ. ಹಲ್ಲು ನಾಲ್ಕು,
ದವಡೆಯಲ್ಲಿ ಸದಾ ಹೊಗೆಸೊಪ್ಪು.
ಸಿಟ್ಟು ಬಂದರೆ ತುಳು, ಇನ್ನೂ ಬಂದರೆ ಮಲಯಾಳ,
ಲೆಕ್ಕಕ್ಕೆ ಮಾತ್ರ ಕನ್ನಡ.
ಮಗನಿಗೆ ಒಮ್ಮೆ ಎಲ್ಲರೆದುರು ಹೊಡೆದದ್ದನ್ನು ನೋಡಿದ್ದೇನೆ.
ಅದನ್ನೂ ಬರೆಯಬೇಕಾದೀತು.

ಬಾಯಾರಿನ ಗುಡ್ಡಕ್ಕೆ ಅವನು ಸುರಂಗ ತೋಡುತ್ತಿದ್ದ.
ಮಲಗಿಸಿದ ಬಾವಿ ಅದು, ನೀರು ನಡೆದೇ ಬರಬೇಕು.
ಪಿಕಾಸಿಗೆ ಅವನು,
ಮಣ್ಣು ಹೊರಲು ನನ್ನಪ್ಪ, ಸುಂದರ, ಪೊಡಿಯ,
ಸುರಂಗದ ಬಾಯಲ್ಲಿ ಕನ್ನಡಿ ಹಿಡಿಯಲು ನಾನು.
ಬಿಸಿಲನ್ನು ಹಿಡಿದು ಒಳಗೆ ಎಸೆಯುವ ಕೆಲಸ.
ಸೂರ್ಯ ಸರಿದಂತೆ ನಾನೂ ಸರಿಯಬೇಕು,
ಮರೆತರೆ ಗುಡ್ಡದ ಹೊಟ್ಟೆಯಿಂದ ದನಿ:
"ಬೊಲ್ಪು ಪೋಂಡು, ಮಗಾ."
ಬೈಗುಳವಲ್ಲ,
ಬೆಳಕು ಹೋದ ಸಮಾಚಾರ, ಅಷ್ಟೇ.

ಇಪ್ಪತ್ತು ಕೋಲು ದಾಟಿದರೆ ಕನ್ನಡಿ ಮುಟ್ಟದು,
ಅಲ್ಲಿಂದ ಮೇಣದ ಬತ್ತಿ.
ಬತ್ತಿ ಕುಗ್ಗಿದ ದಿನ ಸುಂದರ ಅಂದ, ಇನ್ನೊಂದು ಗೇಣು.
ಮಣಿಯಾಣಿ ಉತ್ತರ ಕೊಡಲಿಲ್ಲ.
ಅವನ ಕೈಯ ಬುಟ್ಟಿ ಕಸಿದು,
ಅವನನ್ನು ಮುಂದೆ ಬಿಟ್ಟು, ತಾನು ಹಿಂದೆ,
ತೆವಳುತ್ತ ಹೊರಗೆ ಬಂದ.
ಅರ್ಧ ದಿನಕ್ಕೆ ಪೂರ್ತಿ ಕೂಲಿ ಎಣಿಸಿದ.
ಇದನ್ನು ಧೈರ್ಯ ಅನ್ನಲೋ, ಹೆದರಿಕೆ ಅನ್ನಲೋ?
ಚಾರ್ಟಿನಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಲು ಬಿಡುತ್ತಾರೆಯೇ?

ಐವತ್ತೊಂದು ಕೋಲು. ನೀರಿಲ್ಲ.
ಜಾಗ ಗುರುತಿಸಿದವನು ಅವನೇ,
ಹುತ್ತ ನೋಡಿ, ನೇರಳೆ ಮರದ ಓರೆ ನೋಡಿ.
ಬೀಪಾತುಮ್ಮ ಬಳೆ ಅಡವಿಟ್ಟ ದುಡ್ಡು
ಆ ಗುಡ್ಡದೊಳಗೆ ಮಣ್ಣಾಗಿತ್ತು.
ಮುಂಡಾಸು ಬಿಚ್ಚಿ ಅಂಗಳದಲ್ಲಿ ನಿಂತ.
ಕಲ್ಲನ್ನು ದೂರಲಿಲ್ಲ, ಗ್ರಹಚಾರವನ್ನು ಕರೆಯಲಿಲ್ಲ.
"ಉಮ್ಮಾ, ನಾನು ನೋಡಿದ್ದು ತಪ್ಪು.
ಇವರು ತೋಡಿದ್ದು ಸರಿ.
ಇವರದು ಕೊಡಿ. ನನ್ನದು ಬೇಡ."

ಮುದುಕಿ ಬಹಳ ಹೊತ್ತು ಏನೂ ಅನ್ನಲಿಲ್ಲ.
ಆಮೇಲೆ ಒಳಗಿನಿಂದ ಐದು ಲೋಟ ಕರಿಚಾ ಬಂತು,
ಎರಡು ಗುಡ್ಡ ಆಚೆಯಿಂದ ಹೊತ್ತು ತಂದ ನೀರಿನದು.
ಒಂದು ತೊಟ್ಟು ಬಿಡದೆ ಕುಡಿದ ಅವನು,
ಲೋಟವನ್ನು ತಾನೇ ತೊಳೆಯಹೋಗಿ, ನೀರು ನೆನಪಾಗಿ,
ಹಾಗೇ ಇಟ್ಟ.
ವಾಪಸು ಬರುವಾಗ ನಮ್ಮಲ್ಲಿ ಒಬ್ಬರೂ
ಅವನನ್ನು ದಾಟಿ ಮುಂದೆ ನಡೆಯಲಿಲ್ಲ.

ನನ್ನ ವಾರ್ಡಿನಲ್ಲಿ ಕೊಳವೆಬಾವಿ ಕೊರೆದದ್ದು
ನಾನು ಬೆರಳು ಮಾಡಿದ ಜಾಗದಲ್ಲೇ.
ಪೈಪು ಬಂತು, ನಲ್ಲಿ ಬಂತು.
ನಲ್ಲಿಯ ಬಾಯಲ್ಲಿ ಈಗ ಕಣಜ ಗೂಡು ಕಟ್ಟಿದೆ.
ಭಾನುವಾರ ಗ್ರಾಮಸಭೆ, ಅಂಗನವಾಡಿಯ ಜಗಲಿಯಲ್ಲಿ.
ಭಾಷಣ ಬರೆದಿಟ್ಟಿದ್ದೇನೆ ಪರ್ಸಿನಲ್ಲಿ, ಎರಡು ಪುಟ:
ಎಂಜಿನಿಯರರ ವರದಿ, ಕರೆಂಟಿನವರು, ಹಿಂದಿನ ಮೆಂಬರು,
ಅಂತರ್ಜಲ ಎಂಬ ದೊಡ್ಡ ಪದ ಮೂರು ಸಲ.
ನಾನು ಎಂಬುದು ಕೊನೆಯ ವಂದನೆಯಲ್ಲಿ ಮಾತ್ರ.

ಸಮಯವಾಯಿತು ಎಂದರು.
ನನ್ನ ಖಾಲಿ ಹಾಳೆ ನೋಡಿ ತರಬೇತಿಯವರು
ದಯೆಯಿಂದ, "ಕನ್ನಡದಲ್ಲೂ ಬರೆಯಬಹುದು ಮೆಂಬರೇ" ಎಂದರು.
ಪರ್ಸು ತೆರೆದೆ. ಆ ಎರಡು ಪುಟಗಳ ಅಡಿಯಲ್ಲಿ
ಹಣೆಬೊಟ್ಟು ಸರಿಮಾಡುವಷ್ಟು ಸಣ್ಣ ಕನ್ನಡಿ.
ಕಿಟಕಿಯ ಬಿಸಿಲು ತಾಗಿ
ಎದುರು ಗೋಡೆಯ ಮೇಲೆ ಒಂದು ಚುಕ್ಕೆ,
ಕೈ ನಡುಗಿದಂತೆ ಅದೂ ನಡುಗಿತು.

ಬೊಲ್ಪು ಪೋಂಡು, ಮಗಾ.

ಹೌದು, ಗೊತ್ತಾಯಿತು.
ಸರಿಯಬೇಕಾದವಳು ನಾನು.